ಬೈಲುಕುಪ್ಪೆಯ ಮೂರು ಪುಸ್ತಕಗಳು

ಹುಣಸೂರು ದಾಟಿ ಪಿರಿಯಾಪಟ್ಟಣದ ಕಡೆಗೆ ಸಾಗುವ ಮಡಿಕೇರಿ ರಸ್ತೆಯ ಇಕ್ಕೆಲದಲ್ಲೂ ಹೊಗೆಸೊಪ್ಪು ಹದ ಮಾಡುವ ಬ್ಯಾರನ್‌ಗಳು ಸಾಲಾಗಿ ಕಾಣುತ್ತವೆ. ಪಿರಿಯಾಪಟ್ಟಣ ಹಿಂದೆ ಬಿದ್ದು ಕುಶಾಲನಗರ ಹತ್ತಿರವಾದಂತೆ ನೋಟ ಬದಲಾಗುತ್ತದೆ. ಮುಸುಕಿನ ಜೋಳದ ಹೊಲಗಳ ನಡುವೆ ಬಣ್ಣಬಣ್ಣದ ಪ್ರಾರ್ಥನಾ ಪತಾಕೆಗಳು, ಕೆಂಪು ನಿಲುವಂಗಿಯ ಭಿಕ್ಷುಗಳು, ಸಂಜೆಯ ಹೊತ್ತಿನಲ್ಲಿ ಜಪಮಣಿ ಎಣಿಸುತ್ತಾ ಸ್ತೂಪ ಸುತ್ತುವ ಮುದುಕಿಯರು. ಸುತ್ತಲಿನ ಹಳ್ಳಿಗರ ಬಾಯಲ್ಲಿ ಇದು ಇಂದಿಗೂ ‘ಟಿಬೆಟ್ ಕ್ಯಾಂಪ್’. ಆರು ದಶಕ ಕಳೆದರೂ ‘ಕ್ಯಾಂಪ್’ ಎಂಬ ಹೆಸರು ಹೋಗಿಲ್ಲ. ಸರ್ಕಾರದ ಕಡತಗಳಲ್ಲಿಯೂ ಇಲ್ಲಿನವರ ಸ್ಥಿತಿ ಹೆಚ್ಚುಕಡಿಮೆ ಹಾಗೆಯೇ ಇದೆ.

ಸ್ತೂಪ ಸುತ್ತುವ ಆ ಹಿರಿಯರ ಮಕ್ಕಳು ಅನೇಕರು ಇಂದು ನ್ಯೂಯಾರ್ಕ್, ಟೊರಾಂಟೊ, ಜ್ಯೂರಿಕ್‌ಗಳಲ್ಲಿ ದುಡಿಯುತ್ತಿದ್ದಾರೆ. ಮುಪ್ಪಿನ ದಿನಗಳನ್ನು ಮಕ್ಕಳ ಜೊತೆ ಕಳೆಯಬೇಕೆ, ಇಲ್ಲಿಯೇ ಉಳಿಯಬೇಕೆ? ಹೋದವರು ಬೇಸರವಾಗಿ ಹಿಂತಿರುಗಬೇಕೆಂದರೆ ಏನು ಮಾಡಬೇಕು? ಸಾಮಾನ್ಯ ಕುಟುಂಬದಲ್ಲಿ ಇವು ಮನೆಯೊಳಗೆ ಕೂತು ತೀರ್ಮಾನಿಸುವ ಪ್ರಶ್ನೆಗಳು. ಬೈಲುಕುಪ್ಪೆಯಲ್ಲಿ ಇವುಗಳಿಗೆ ಉತ್ತರ ಹೇಳುವುದು ಮೂರು ಪುಟ್ಟ ಪುಸ್ತಕಗಳು. ಆ ಪುಸ್ತಕಗಳು ಹೇಗೆ ಬಂದವು, ಅವುಗಳಲ್ಲಿ ಏನಿದೆ ಎಂಬುದನ್ನು ಅರಿತರೆ ಮೈಸೂರು ಜಿಲ್ಲೆಯ ಇತಿಹಾಸದ ಒಂದು ವಿಶಿಷ್ಟ ಅಧ್ಯಾಯವೇ ತೆರೆದುಕೊಳ್ಳುತ್ತದೆ.

ಕಾಡು ಕಡಿದು ಕಟ್ಟಿದ ಊರು

1959ರ ಮಾರ್ಚ್‌ನಲ್ಲಿ ಲ್ಹಾಸಾದಲ್ಲಿ ಚೀನಾದ ವಿರುದ್ಧ ದಂಗೆ ಎದ್ದಿತು. ದಲೈ ಲಾಮಾ ರಾತ್ರೋರಾತ್ರಿ ಅರಮನೆ ತೊರೆದು, ಮಾರ್ಚ್ 31ರಂದು ಭಾರತದ ಗಡಿ ದಾಟಿದರು. ಅವರ ಹಿಂದೆಯೇ ಸಾವಿರಾರು ಜನ ಬಂದರು. ಅಸ್ಸಾಮಿನ ಮಿಸ್ಸಮಾರಿ, ಬಂಗಾಳದ ಬಕ್ಸಾ ಶಿಬಿರಗಳಲ್ಲಿ ಅವರನ್ನು ಇರಿಸಲಾಯಿತು. ಬಳಿಕ ಬಹಳಷ್ಟು ಮಂದಿಗೆ ಹಿಮಾಲಯದ ತಪ್ಪಲಲ್ಲಿ ರಸ್ತೆ ಕಟ್ಟುವ ಕೂಲಿ ಕೆಲಸ ಸಿಕ್ಕಿತು. ಇವರಿಗೆ ಒಂದೆಡೆ ನೆಲೆ ಒದಗಿಸುವ ಸಲುವಾಗಿ ಪ್ರಧಾನಿ ನೆಹರೂ ರಾಜ್ಯಗಳನ್ನು ಭೂಮಿ ಕೇಳಿದರು. ಆಗಿನ ಮೈಸೂರು ರಾಜ್ಯ ಉದಾರವಾಗಿ ಕೈ ಚಾಚಿತು. ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯ ಬಳಿ ಸುಮಾರು 3,000 ಎಕರೆ ಕಾಡುಭೂಮಿ ಇದಕ್ಕಾಗಿ ದೊರೆಯಿತು. ಆಗ ಮುಖ್ಯಮಂತ್ರಿಯಾಗಿದ್ದವರು ಬಿ.ಡಿ. ಜತ್ತಿ. ಅವರ ಹಿಂದೆಯೂ ಮುಂದೆಯೂ ಆ ಸ್ಥಾನದಲ್ಲಿದ್ದ ಎಸ್. ನಿಜಲಿಂಗಪ್ಪನವರ ಹೆಸರನ್ನು ಟಿಬೆಟನ್ನರು ಇಂದಿಗೂ ಕೃತಜ್ಞತೆಯಿಂದ ನೆನೆಯುತ್ತಾರೆ.

ಹೀಗೆ 1960–61ರಲ್ಲಿ ಲುಗ್‌ಸುಂಗ್ ಸಮ್ದುಪ್ಲಿಂಗ್ ಎಂಬ ಮೊದಲ ವಸಾಹತು ನೆಲೆಗೊಂಡಿತು. ಹಿಮದ ನಾಡಿನಿಂದ ಬಂದವರಿಗೆ ಇಲ್ಲಿನ ಬಿಸಿಲು ಹೊಸದು, ಮಳೆ ಹೊಸದು, ಆನೆ ಹಂದಿಗಳ ಕಾಟವೂ ಹೊಸದು. ಡೇರೆಗಳಲ್ಲಿ ಇದ್ದುಕೊಂಡು ಮರ ಕಡಿದು, ಪೊದೆ ಸುಟ್ಟು ಹೊಲ ಮಾಡಿದರು. ಅದೇ ದಶಕದಲ್ಲಿ ನಾಮ್‌ಡ್ರೋಲಿಂಗ್ ಮಠ, 1970ರಲ್ಲಿ ಸೆರಾ ವಿಹಾರ ಇಲ್ಲಿ ಮರುಹುಟ್ಟು ಪಡೆದವು. 1969ರಲ್ಲಿ ಬೈಲುಕುಪ್ಪೆಯಲ್ಲೇ ದಿಕ್ಯಿ ಲಾರ್ಸೋ ಎಂಬ ಎರಡನೆಯ ವಸಾಹತು ಬಂತು. 1972ರಲ್ಲಿ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ರಬ್ಗೆಲಿಂಗ್ ವಸಾಹತು ತಲೆ ಎತ್ತಿತು. ಇಂದು ಗ್ರಾಮೀಣಾಭಿವೃದ್ಧಿಗೆ ಹೆಸರಾದ ‘ಮೈರಾಡ’ ಸಂಸ್ಥೆ 1968ರಲ್ಲಿ ಹುಟ್ಟಿದ್ದು ಟಿಬೆಟನ್ನರ ಪುನರ್ವಸತಿಗಾಗಿಯೇ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ.

ಇಷ್ಟಾದರೂ ಒಂದು ಮಾತನ್ನು ಗಮನಿಸಬೇಕು. ಆ ಭೂಮಿ ಟಿಬೆಟನ್ನರ ಸ್ವಂತದ್ದಲ್ಲ. ಉಳುವ ಹಕ್ಕಿದೆ, ಮಾರುವ ಹಕ್ಕಿಲ್ಲ. ಪಕ್ಕದ ಊರಿನ ರೈತ ಮಗಳ ಮದುವೆಗೋ ಮುಪ್ಪಿನ ಖರ್ಚಿಗೋ ಅರ್ಧ ಎಕರೆ ಮಾರಿಕೊಳ್ಳಬಹುದು. ಕ್ಯಾಂಪಿನ ರೈತನಿಗೆ ಆ ದಾರಿ ಇಲ್ಲ. ದಶಕಗಳ ಕಾಲ ಸರಿಯಾದ ಗುತ್ತಿಗೆ ಪತ್ರವೂ ಇರಲಿಲ್ಲ. 2014ರ ಟಿಬೆಟನ್ ಪುನರ್ವಸತಿ ನೀತಿಯಲ್ಲಿ ಕೇಂದ್ರ ಸರ್ಕಾರವು ಇಂಥ ಭೂಮಿಗೆ ಗುತ್ತಿಗೆ ಪತ್ರ ಮಾಡಿಕೊಡುವಂತೆ ರಾಜ್ಯಗಳಿಗೆ ಸೂಚಿಸಿತು.

ಮೊದಲ ಪುಸ್ತಕ: ಆರ್.ಸಿ.

1951ರ ವಿಶ್ವಸಂಸ್ಥೆಯ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಆದ್ದರಿಂದ ನಮ್ಮ ಕಾನೂನಿನಲ್ಲಿ ‘ನಿರಾಶ್ರಿತ’ ಎಂಬ ಪ್ರತ್ಯೇಕ ವರ್ಗವೇ ಇಲ್ಲ. ಇರುವುದು ಎರಡೇ: ಪೌರ ಮತ್ತು ವಿದೇಶೀಯ. ಟಿಬೆಟನ್ನರು ಎರಡನೆಯ ಸಾಲಿಗೆ ಸೇರಿದರು. ವಿದೇಶೀಯರ ನೋಂದಣಿಗೆಂದು ಬ್ರಿಟಿಷರು 1939ರಲ್ಲಿ ಮಾಡಿದ್ದ ಕಾಯ್ದೆಯ ಅಡಿಯಲ್ಲಿ ಅವರಿಗೆ ನೋಂದಣಿ ಪ್ರಮಾಣ ಪತ್ರ ಕೊಡಲಾಯಿತು. ಕ್ಯಾಂಪಿನಲ್ಲಿ ಎಲ್ಲರೂ ‘ಆರ್.ಸಿ.’ ಎನ್ನುವುದು ಇದಕ್ಕೇ. ಜಿಲ್ಲೆಗಳಲ್ಲಿ ಪೊಲೀಸ್ ವರಿಷ್ಠಾಧಿಕಾರಿಯೇ ವಿದೇಶೀಯರ ನೋಂದಣಿ ಅಧಿಕಾರಿ.

ಹದಿನಾರು ತುಂಬಿದೊಡನೆ ಆರ್.ಸಿ. ಮಾಡಿಸಬೇಕು. ಅವಧಿ ಮುಗಿಯುವ ಮುನ್ನ ನವೀಕರಿಸಬೇಕು. ವಾಸದ ಸ್ಥಳ ಬದಲಾದರೆ ತಿಳಿಸಬೇಕು. ವರ್ಷ ವರ್ಷವೂ ಕಚೇರಿಗೆ ಅಲೆಯುವ ಪಾಡು ಬಹುಕಾಲ ಇತ್ತು. 2012ರಲ್ಲಿ ಕೇಂದ್ರ ಸರ್ಕಾರ ಇಲ್ಲಿ ಹುಟ್ಟಿದವರಿಗೆ ಮತ್ತು ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ನೆಲೆಸಿದವರಿಗೆ ಅವಧಿಯನ್ನು ಐದು ವರ್ಷಕ್ಕೆ ಏರಿಸಿದ ಮೇಲೆ ವೃದ್ಧರಿಗೆ ತುಸು ಉಸಿರಾಡುವಂತಾಯಿತು.

ಆರ್.ಸಿ.ಯಲ್ಲಿ ಬರೆದ ಹೆಸರು ಮತ್ತು ಹುಟ್ಟಿದ ವರ್ಷ ಮುಂದೆ ಬಹು ದೊಡ್ಡ ವಿಷಯವಾಗುತ್ತವೆ. ಟಿಬೆಟನ್ನರಲ್ಲಿ ಹೆಚ್ಚಿನವರಿಗೆ ಮನೆತನದ ಹೆಸರೆಂಬುದಿಲ್ಲ. ತೆಂಜಿನ್, ಡೋಲ್ಮಾ, ತ್ಸೆರಿಂಗ್ ಎಂಬ ಹೆಸರುಗಳು ಬೀದಿಗೆ ಹತ್ತು ಸಿಗುತ್ತವೆ. ಹುಟ್ಟಿದ ವರ್ಷವನ್ನು ಅವರು ಹೇಳುವುದು ಹುಲಿ, ಮೊಲ, ಕುದುರೆ ಎಂದು ಹನ್ನೆರಡು ಪ್ರಾಣಿಗಳ ಆವರ್ತನದ ಲೆಕ್ಕದಲ್ಲಿ. ಹೊಸ ವರ್ಷದ ಹಬ್ಬ ಲೋಸರ್ ಬಂದಾಗ ಎಲ್ಲರಿಗೂ ಒಮ್ಮೆಲೇ ಒಂದು ವಯಸ್ಸು ಏರುತ್ತದೆ. ಇದನ್ನೆಲ್ಲ ಇಂಗ್ಲಿಷ್ ತಾರೀಖಿಗೆ ಇಳಿಸುವಾಗ ಅಂದಾಜು ನುಸುಳುವುದು ಸಹಜ. ನಮ್ಮ ಹಳ್ಳಿ ಶಾಲೆಗಳಲ್ಲಿ ಮೇಷ್ಟ್ರು ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆಲ್ಲ ಜೂನ್ 1 ಎಂದು ಬರೆದುಕೊಂಡದ್ದನ್ನು ನೆನೆದರೆ ಇದು ಓದುಗರಿಗೆ ಅಚ್ಚರಿ ಎನಿಸಲಾರದು. ಆದರೆ ನಮ್ಮವರ ಜೂನ್ 1 ನಿವೃತ್ತಿಯ ದಿನವನ್ನು ಮಾತ್ರ ಹಿಂದುಮುಂದು ಮಾಡುತ್ತದೆ. ಅವರ ಕಾಗದದಲ್ಲಿ ಒಂದು ಅಕ್ಷರ ಅಥವಾ ಒಂದು ವರ್ಷ ತಪ್ಪಿದರೆ ವಿದೇಶಿ ರಾಯಭಾರ ಕಚೇರಿ ‘ಈ ತಾಯಿ ಆ ಮಗಳ ತಾಯಿಯೇ?’ ಎಂದು ಕೇಳುತ್ತದೆ.

ಎರಡನೆಯ ಪುಸ್ತಕ: ಹಳದಿ ರಟ್ಟು

ದೇಶ ಬಿಟ್ಟು ಹೊರಡುವವರಿಗೆ ಪಾಸ್‌ಪೋರ್ಟ್ ಬೇಕು. ಟಿಬೆಟನ್ನರಿಗೆ ಅದು ಇಲ್ಲ. ಬದಲಿಗೆ ಭಾರತ ಸರ್ಕಾರ ಗುರುತಿನ ಪ್ರಮಾಣ ಪತ್ರ ಎಂಬ ಹಳದಿ ರಟ್ಟಿನ ಪುಸ್ತಕ ಕೊಡುತ್ತದೆ. ಆಡುಮಾತಿನಲ್ಲಿ ಇದು ‘ಐ.ಸಿ.’ ಅಥವಾ ‘ಹಳದಿ ಪುಸ್ತಕ’. ಇದನ್ನು ನೀಡುವುದು ದೆಹಲಿಯ ಪ್ರಾದೇಶಿಕ ಪಾಸ್‌ಪೋರ್ಟ್ ಕಚೇರಿ. ಅದಕ್ಕೆ ದೆಹಲಿಯಲ್ಲಿರುವ ದಲೈ ಲಾಮಾ ಅವರ ಬ್ಯೂರೊದ ಶಿಫಾರಸು ಬೇಕು, ಚಾಲ್ತಿಯಲ್ಲಿರುವ ಆರ್.ಸಿ. ಬೇಕು, ಪೊಲೀಸ್ ಪರಿಶೀಲನೆ ಆಗಬೇಕು. ಮೊದಲ ಪುಸ್ತಕ ಸರಿ ಇಲ್ಲದಿದ್ದರೆ ಎರಡನೆಯದು ಸಿಗದು.

ಹೊರ ದೇಶಗಳ ಬಾಗಿಲು ಟಿಬೆಟನ್ನರಿಗೆ ತೆರೆದುಕೊಂಡದ್ದು ಹಂತ ಹಂತವಾಗಿ. 1963ರಲ್ಲಿ ಸ್ವಿಟ್ಜರ್ಲೆಂಡ್ ಸಾವಿರ ಮಂದಿಯನ್ನು ಸ್ವೀಕರಿಸಲು ಒಪ್ಪಿತು. 1970ರ ದಶಕದ ಆರಂಭದಲ್ಲಿ ಕೆನಡಾ 228 ಮಂದಿಗೆ ನೆಲೆ ಕೊಟ್ಟಿತು. ದೊಡ್ಡ ತಿರುವು ಬಂದದ್ದು 1990ರಲ್ಲಿ. ಅಮೆರಿಕ ಆ ವರ್ಷದ ವಲಸೆ ಕಾಯ್ದೆಯಲ್ಲಿ ಭಾರತ ಮತ್ತು ನೇಪಾಳದಲ್ಲಿರುವ ಟಿಬೆಟನ್ನರಿಗಾಗಿ ಒಂದು ಸಾವಿರ ವೀಸಾ ಮೀಸಲಿಟ್ಟಿತು. 1992ರಿಂದ ಆ ಸಾವಿರ ಮಂದಿ ಹೊರಟರು. ಅವರು ಪೌರತ್ವ ಪಡೆದಂತೆ ಗಂಡ, ಹೆಂಡತಿ, ಮಕ್ಕಳನ್ನು, ಕೊನೆಗೆ ವೃದ್ಧ ತಂದೆತಾಯಿಗಳನ್ನು ಕರೆಸಿಕೊಂಡರು. ಅಮೆರಿಕದ ಕಾನೂನಿನಲ್ಲಿ 21 ವರ್ಷ ತುಂಬಿದ ಪೌರ ತನ್ನ ತಂದೆತಾಯಿಗಾಗಿ ಅರ್ಜಿ ಹಾಕಬಹುದು. ಅದಕ್ಕೆ ವರ್ಷಕ್ಕಿಷ್ಟೇ ಎಂಬ ಮಿತಿಯಿಲ್ಲ. 2009ರ ಟಿಬೆಟನ್ ಜನಗಣತಿಯಂತೆ ಟಿಬೆಟಿನ ಹೊರಗಿದ್ದ 1,27,935 ಮಂದಿಯಲ್ಲಿ 94,203 ಮಂದಿ ಭಾರತದಲ್ಲಿದ್ದರು. ನಂತರದ ವರ್ಷಗಳಲ್ಲಿ ವಲಸೆ ಹೆಚ್ಚಿ ಭಾರತದ ವಸಾಹತುಗಳಲ್ಲಿ ಜನ ಇಳಿಮುಖವಾಗಿದ್ದಾರೆ.

ಉದಾಹರಣೆಗೆ ಬೈಲುಕುಪ್ಪೆಯ ಎಪ್ಪತ್ತು ದಾಟಿದ ಒಬ್ಬ ‘ಅಮಾ-ಲಾ’ ನ್ಯೂಯಾರ್ಕಿನ ಮಗಳ ಮನೆಗೆ ಹೊರಟಿದ್ದಾರೆ ಎಂದುಕೊಳ್ಳೋಣ. ಟಿಬೆಟನ್ನರಲ್ಲಿ ತಾಯಿಯನ್ನು, ತಾಯಿಯ ವಯಸ್ಸಿನವರನ್ನು ಗೌರವದಿಂದ ಕರೆಯುವುದು ಹೀಗೆ. ಅವರು ಹುಟ್ಟಿದ್ದು ಟಿಬೆಟಿನಲ್ಲಿ. ಜನನ ಪ್ರಮಾಣ ಪತ್ರವೆಂಬುದೇ ಇಲ್ಲ. ಮಗಳೊಂದಿಗಿನ ಸಂಬಂಧವನ್ನು ಬೇರೆ ಕಾಗದಗಳಿಂದ ಸಾಬೀತು ಮಾಡಬೇಕು. ಐ.ಸಿ. ಮಾಡಿಸಬೇಕು. ಅದರ ಮೇಲೆ ವೀಸಾ ಬೀಳಬೇಕು. ಪೊಲೀಸರಿಂದ ಆಕ್ಷೇಪಣೆ ಇಲ್ಲವೆಂಬ ಪತ್ರ ಬೇಕು. ಭಾರತದಿಂದ ಹೊರಡಲು ನಿರ್ಗಮನ ಪರವಾನಗಿ ಬೇಕು. ಇಷ್ಟೆಲ್ಲ ಆದ ಮೇಲೂ ವಿಮಾನ ನಿಲ್ದಾಣದಲ್ಲಿ ಹಳದಿ ಪುಸ್ತಕವನ್ನು ಎಂದೂ ಕಂಡಿರದ ಸಿಬ್ಬಂದಿ ಅದನ್ನು ತಿರುಗಿಸಿ ಮುರುಗಿಸಿ ನೋಡುವುದುಂಟು. ಖಾಯಂ ಆಗಿ ಹೊರಡುವವರಾದರೆ ಆರ್.ಸಿ.ಯನ್ನು ಹಿಂತಿರುಗಿಸಿ ಹೋಗಬೇಕು. ಹಲವು ದಶಕ ಜೋಪಾನ ಮಾಡಿದ ಪುಸ್ತಕ ಅಂದಿಗೆ ಕೈ ಬಿಡುತ್ತದೆ.

ಹಿಂತಿರುಗುವ ಹಾದಿ

ನಿಜವಾದ ತೊಡಕು ಇರುವುದು ಹಿಂತಿರುಗುವಲ್ಲಿ. ಅಪಾರ್ಟ್‌ಮೆಂಟಿನ ನಾಲ್ಕು ಗೋಡೆ, ಭಾಷೆ ಬಾರದ ಊರು, ಹಗಲೆಲ್ಲ ಕೆಲಸಕ್ಕೆ ಹೋಗುವ ಮಕ್ಕಳು. ಇದರ ನಡುವೆ ಸ್ತೂಪ, ಮಠ, ಜೊತೆಯವರ ನೆನಪು ಕಾಡುತ್ತದೆ. ಸಾಯುವ ಹೊತ್ತಿಗೆ ಲಾಮಾಗಳು ಬಳಿಯಿದ್ದು ಪ್ರಾರ್ಥನೆ ಓದಬೇಕೆಂಬುದು ಬೌದ್ಧ ವೃದ್ಧರ ದೊಡ್ಡ ಆಸೆ. ಆದರೆ ಅಮೆರಿಕದ ಗ್ರೀನ್ ಕಾರ್ಡ್ ಹೊಂದಿದವರು ಮುಂಚಿತವಾಗಿ ಅನುಮತಿ ಪಡೆಯದೆ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಹೊರಗಿದ್ದರೆ ಅಲ್ಲಿನ ನೆಲೆಯೇ ಕೈತಪ್ಪಬಹುದು. ಅಲ್ಲಿನ ಪೌರತ್ವ ಪಡೆದರೆ ಆ ಭಯವಿಲ್ಲ. ಆದರೆ ಆಗ ಅವರು ಭಾರತಕ್ಕೆ ಅಮೆರಿಕನ್ನರಾಗಿ ಬರುತ್ತಾರೆ.

ಅಮೆರಿಕನ್ನರಿಗೆ ವೀಸಾ ಬೇಕು. 180 ದಿನ ಮೀರಿ ಉಳಿಯುವ ವೀಸಾ ಆದರೆ ನೋಂದಣಿಯೂ ಬೇಕು. ಇವೆರಡರ ಮೇಲೆ ಮೂರನೆಯದೊಂದಿದೆ. ಬೈಲುಕುಪ್ಪೆ, ಗುರುಪುರ, ಮುಂಡಗೋಡಿನಂಥ ಟಿಬೆಟನ್ ವಸಾಹತುಗಳಲ್ಲಿ ರಾತ್ರಿ ತಂಗಬೇಕಾದ ಯಾವುದೇ ವಿದೇಶೀಯ ಕೇಂದ್ರ ಗೃಹ ಸಚಿವಾಲಯದಿಂದ ಸಂರಕ್ಷಿತ ಪ್ರದೇಶ ಪರವಾನಗಿ, ಅಂದರೆ ‘ಪಿ.ಎ.ಪಿ.’ ಪಡೆಯಬೇಕು. ಸುವರ್ಣ ದೇಗುಲ ನೋಡಲು ಹಗಲಿನಲ್ಲಿ ಬರುವ ಪ್ರವಾಸಿಗೆ ತೊಂದರೆಯಿಲ್ಲ. ಸಂಜೆಯಾದರೆ ಆತ ಕುಶಾಲನಗರಕ್ಕೋ ಮೈಸೂರಿಗೋ ಹೋಗಿ ಮಲಗಬೇಕು. ವಿಪರ್ಯಾಸವೆಂದರೆ ಈ ನಿಯಮ ಕ್ಯಾಂಪಿನಲ್ಲೇ ಹುಟ್ಟಿ ಬೆಳೆದು ವಿದೇಶಿ ಪಾಸ್‌ಪೋರ್ಟ್ ಪಡೆದವರಿಗೂ ಅನ್ವಯಿಸುತ್ತದೆ. ಪರವಾನಗಿ ಕೈಗೆ ಬರಲು ತಿಂಗಳುಗಳೇ ಹಿಡಿಯುವುದರಿಂದ, ತಾಯಿಗೆ ಹುಷಾರಿಲ್ಲ ಎಂಬ ಫೋನ್ ಬಂದು ಓಡಿ ಬರುವ ಮಗನಿಗೆ ತಾನು ಕಲಿತ ಮನೆಯಲ್ಲಿ ಒಂದು ರಾತ್ರಿ ಮಲಗುವುದೂ ಕಾನೂನಿನ ಪ್ರಕಾರ ಸುಲಭವಲ್ಲ.

ಇದನ್ನು ಪಕ್ಕದ ತಾಲ್ಲೂಕಿನ ಚಿತ್ರದೊಂದಿಗೆ ಹೋಲಿಸಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಕೆ.ಆರ್. ನಗರದ ಒಬ್ಬ ನಿವೃತ್ತ ಮೇಷ್ಟ್ರು ಅಮೆರಿಕದ ಮಗನ ಮನೆಗೆ ಹೋಗಿ ನೆಲೆಸಿದರೂ ಅವರ ತೊಂದರೆಗಳು ಬೇರೆ ಬಗೆಯವು. ಬದುಕಿದ್ದೇನೆಂಬ ಪ್ರಮಾಣ ಪತ್ರ ವರ್ಷಕ್ಕೊಮ್ಮೆ ಕೊಡದಿದ್ದರೆ ಪಿಂಚಣಿ ನಿಲ್ಲುತ್ತದೆ, ಬ್ಯಾಂಕ್ ಖಾತೆಯನ್ನು ಅನಿವಾಸಿ ಖಾತೆಯಾಗಿ ಬದಲಿಸಿಕೊಳ್ಳಬೇಕಾಗುತ್ತದೆ. ಒಂದು ವೇಳೆ ಅಲ್ಲಿನ ಪೌರತ್ವ ಪಡೆದರೂ 2005ರಲ್ಲಿ ಜಾರಿಗೆ ಬಂದ ಸಾಗರೋತ್ತರ ಭಾರತೀಯ ಕಾರ್ಡ್ ಅವರಿಗೆ ಸಿಗುತ್ತದೆ. ಅದಿದ್ದರೆ ಜೀವಮಾನವಿಡೀ ವೀಸಾದ ಗೊಡವೆಯಿಲ್ಲ. ತಮ್ಮ ಊರಿಗೆ ಬಂದು ಇಷ್ಟವಿದ್ದಷ್ಟು ಕಾಲ ಇರಬಹುದು. ಆದರೆ ಆ ಕಾರ್ಡಿಗೆ ತಾನೋ ತನ್ನ ಹಿರಿಯರೋ ಒಮ್ಮೆ ಭಾರತದ ಪೌರರಾಗಿದ್ದೆವೆಂದು ತೋರಿಸಬೇಕು. ಟಿಬೆಟನ್ನರ ಆರ್.ಸಿ. ಸಾರಿ ಹೇಳುವುದು ಅದಕ್ಕೆ ನೇರ ವಿರುದ್ಧವಾದುದನ್ನು: ಇವರು ವಿದೇಶೀಯರು ಎಂದು.

ಹುಟ್ಟಿದ ತಾರೀಖಿನ ಮಹಿಮೆ

ಹಾಗಾದರೆ ಇಲ್ಲೇ ಹುಟ್ಟಿದವರೂ ವಿದೇಶೀಯರೇ? ಈ ಪ್ರಶ್ನೆ ಬಹುಕಾಲ ಯಾರೂ ಕೇಳದೆ ಉಳಿದಿತ್ತು. 1955ರ ಪೌರತ್ವ ಕಾಯ್ದೆ ಮತ್ತು 1986ರ ಅದರ ತಿದ್ದುಪಡಿಯನ್ನು ಒಟ್ಟಿಗೆ ಓದಿದರೆ, 1950ರ ಜನವರಿ 26ರಿಂದ 1987ರ ಜುಲೈ 1ರ ಮುನ್ನ ಭಾರತದ ನೆಲದಲ್ಲಿ ಹುಟ್ಟಿದವರು ತಂದೆತಾಯಿ ಯಾರೇ ಆಗಿರಲಿ ಹುಟ್ಟಿನಿಂದಲೇ ಭಾರತೀಯರು. ಬೈಲುಕುಪ್ಪೆಯ ಡೇರೆಗಳಲ್ಲಿ ಹುಟ್ಟಿದ ಮೊದಲ ಮಕ್ಕಳು ಈ ಲೆಕ್ಕಕ್ಕೆ ಬರುತ್ತಾರೆ. ಅವರು ಇಂದು ಅರವತ್ತರ ಆಸುಪಾಸಿನಲ್ಲಿದ್ದಾರೆ. ಸರ್ಕಾರಿ ನೌಕರರಾಗಿದ್ದರೆ ನಿವೃತ್ತಿಯ ವಯಸ್ಸು.

ಧರ್ಮಶಾಲೆಯಿರುವ ಕಾಂಗ್ರಾ ಜಿಲ್ಲೆಯಲ್ಲಿ 1986ರಲ್ಲಿ ಹುಟ್ಟಿದ ನಾಮ್‌ಗ್ಯಾಲ್ ಡೋಲ್ಕರ್ ಎಂಬ ಯುವತಿ ಪಾಸ್‌ಪೋರ್ಟ್ ಕೇಳಿದಾಗ ಅಧಿಕಾರಿಗಳು ನಿರಾಕರಿಸಿದರು. ಆಕೆ ದೆಹಲಿ ಹೈಕೋರ್ಟಿಗೆ ಹೋದರು. 2010ರ ಡಿಸೆಂಬರ್‌ನಲ್ಲಿ ನ್ಯಾಯಾಲಯ ಆಕೆ ಹುಟ್ಟಿನಿಂದಲೇ ಭಾರತೀಯ ಪೌರಳೆಂದು ತೀರ್ಪಿತ್ತಿತು. 2013ರಲ್ಲಿ ಕರ್ನಾಟಕ ಹೈಕೋರ್ಟ್ ಲಿಂಗ್ ರಿಂಪೋಚೆ ಅವರ ಪ್ರಕರಣದಲ್ಲಿ ಇದೇ ನಿಲುವು ತಳೆಯಿತು. 2014ರಲ್ಲಿ ಚುನಾವಣಾ ಆಯೋಗ ಈ ವರ್ಗದವರನ್ನು ಮತದಾರರ ಪಟ್ಟಿಗೆ ಸೇರಿಸುವಂತೆ ಸೂಚಿಸಿತು. 2016ರಲ್ಲಿ ದೆಹಲಿ ಹೈಕೋರ್ಟ್ ಮತ್ತೊಮ್ಮೆ ಇದನ್ನೇ ಎತ್ತಿ ಹಿಡಿಯಿತು.

ಕೇಂದ್ರ ವಿದೇಶಾಂಗ ಸಚಿವಾಲಯ 2017ರಲ್ಲಿ ಪಾಸ್‌ಪೋರ್ಟ್ ಕೊಡಲು ಒಪ್ಪಿತಾದರೂ ಷರತ್ತುಗಳನ್ನು ಮುಂದಿಟ್ಟಿತು. ಆರ್.ಸಿ. ಮತ್ತು ಐ.ಸಿ. ಎರಡನ್ನೂ ಒಪ್ಪಿಸಬೇಕು. ಟಿಬೆಟನ್ ಆಡಳಿತದಿಂದ ಬರುವ ಸೌಲಭ್ಯ ಬಿಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ನಿಗದಿತ ವಸಾಹತಿನಲ್ಲಿ ವಾಸಿಸಕೂಡದು. ಪಾಸ್‌ಪೋರ್ಟ್ ಬೇಕಾದರೆ ಮನೆ ಬಿಡಬೇಕು, ಮನೆ ಬೇಕಾದರೆ ಪಾಸ್‌ಪೋರ್ಟ್ ಬಿಡಬೇಕು ಎಂಬ ಇಕ್ಕಟ್ಟು ಇದು. ಪೌರತ್ವ ಪಡೆಯಲು ಅನೇಕರು ಹಿಂದೆಗೆಯಲು ಇದೊಂದು ಕಾರಣ. ಇನ್ನೊಂದು ಕಾರಣ ಕಾನೂನಿನದಲ್ಲ. ಭಾರತೀಯನಾದರೆ ಟಿಬೆಟಿಗೆ ಮರಳುವ ಆಸೆಯನ್ನು ತೊರೆದಂತೆ ಎಂಬ ಅಳುಕು ಹಿರಿಯರಲ್ಲಿ ಇಂದಿಗೂ ಇದೆ.

ಮೂರನೆಯ ಪುಸ್ತಕ: ಹಸಿರು ರಟ್ಟು

ಆ ಅಳುಕಿಗೆ ಆಸರೆಯಾಗಿರುವುದು ಮೂರನೆಯ ಪುಸ್ತಕ. ಇದನ್ನು ಕೊಡುವುದು ಭಾರತ ಸರ್ಕಾರವಲ್ಲ, ಧರ್ಮಶಾಲೆಯ ಟಿಬೆಟನ್ ಆಡಳಿತ. 1972ರಲ್ಲಿ ಟಿಬೆಟನ್ನರು ತಮ್ಮ ಆಡಳಿತಕ್ಕೆ ಸ್ವಯಂಪ್ರೇರಿತ ಕಾಣಿಕೆ ಸಲ್ಲಿಸುವ ಪದ್ಧತಿ ಆರಂಭವಾಯಿತು. ಆ ಕಾಣಿಕೆಯ ಲೆಕ್ಕ ಈ ಹಸಿರು ಪುಸ್ತಕದಲ್ಲಿ ನಮೂದಾಗುತ್ತದೆ. ಇದನ್ನು ತೋರಿಸಿ ಯಾವ ದೇಶದ ಗಡಿಯನ್ನೂ ದಾಟಲಾಗದು. ಆದರೂ ಕುಟುಂಬಗಳು ಇದನ್ನು ಬಿಡುವುದಿಲ್ಲ. ಮೊದಲ ಎರಡು ಪುಸ್ತಕಗಳು ‘ನೀನು ಇಲ್ಲಿಯವನಲ್ಲ’ ಎಂದರೆ, ಇದೊಂದು ‘ನೀನು ಟಿಬೆಟಿನವನು’ ಎನ್ನುತ್ತದೆ. ವಿದೇಶಕ್ಕೆ ಹೋದವರೂ ಇದನ್ನು ಜೊತೆಗೆ ಒಯ್ಯುತ್ತಾರೆ.

ಕಾಗದಕ್ಕಿರುವ ಈ ಅಧಿಕಾರ ಪರದೇಶದಿಂದ ಬಂದವರಿಗೆ ಮಾತ್ರ ಮೀಸಲಲ್ಲ ಎಂಬುದನ್ನು ಇದೇ ಜಿಲ್ಲೆ ತೋರಿಸಿಕೊಟ್ಟಿದೆ. ಎಚ್.ಡಿ. ಕೋಟೆ, ಹುಣಸೂರು ತಾಲ್ಲೂಕುಗಳ ಕಾಡಂಚಿನ ಹಾಡಿಗಳಲ್ಲಿ ಜೇನುಕುರುಬರು ತಲೆಮಾರುಗಳಿಂದ ಇದ್ದವರು. ನಾಗರಹೊಳೆಯಿಂದ ಹೊರಬಂದ ಅವರಲ್ಲಿ ಕೆಲವರಿಗೆ ನಾಗಪುರದಲ್ಲಿ ಪುನರ್ವಸತಿ ಕಲ್ಪಿಸಲಾಯಿತು. 2006ರ ಅರಣ್ಯ ಹಕ್ಕು ಕಾಯ್ದೆ ಬಂದ ಮೇಲೆ ಅವರೂ ತಾವು ಈ ಕಾಡಿನವರೇ ಎಂದು ಅರ್ಜಿ ಹಾಕಿ ಸಾಬೀತುಪಡಿಸಬೇಕಾಯಿತು. ಹೊರಗಿನಿಂದ ಬಂದವನಿಗೂ ಒಳಗೇ ಇದ್ದವನಿಗೂ ನೆಲದ ಮೇಲಿನ ಹಕ್ಕು ಕೊನೆಗೆ ನಿಲ್ಲುವುದು ಒಂದು ತುಂಡು ಕಾಗದದ ಮೇಲೆ.

ಕಾನೂನು ಬದಲಾಗುತ್ತಿಲ್ಲವೆಂದಲ್ಲ. 2018ರಿಂದ ವಿದೇಶೀಯರ ನೋಂದಣಿಯ ಬಹಳಷ್ಟು ಕೆಲಸ ಕಂಪ್ಯೂಟರ್ ಮೂಲಕ ನಡೆಯುತ್ತಿದೆ. 2025ರ ಸೆಪ್ಟೆಂಬರ್ 1ರಿಂದ ಹೊಸ ವಲಸೆ ಮತ್ತು ವಿದೇಶೀಯರ ಕಾಯ್ದೆ ಜಾರಿಗೆ ಬಂದು, 1939ರ ನೋಂದಣಿ ಕಾಯ್ದೆ, 1946ರ ವಿದೇಶೀಯರ ಕಾಯ್ದೆಗಳು ರದ್ದಾದವು. ನೋಂದಣಿಯಾದ ಟಿಬೆಟನ್ನರಿಗೆ ಪಾಸ್‌ಪೋರ್ಟ್, ವೀಸಾ ನಿಯಮಗಳಿಂದ ವಿನಾಯಿತಿ ಮುಂದುವರಿದಿದೆ. ಹೆಸರು ಬದಲಾದರೂ ಮೂಲ ವ್ಯವಸ್ಥೆ ಹಾಗೆಯೇ ಇದೆ: ನೋಂದಣಿ ಇದ್ದರೆ ನೆಲೆ, ಇಲ್ಲದಿದ್ದರೆ ಇಲ್ಲ.

ಹೀಗಾಗಿ ಕ್ಯಾಂಪಿನ ಹಿರಿಯರಲ್ಲಿ ಎಷ್ಟೋ ಮಂದಿ ಮಕ್ಕಳು ಕರೆದರೂ ಹೊರಡುವುದಿಲ್ಲ. ಹೋದರೆ ಹಿಂತಿರುಗುವಾಗ ಅತಿಥಿಗಳಾಗಿ, ಅದೂ ಪರವಾನಗಿ ಪಡೆದ ಅತಿಥಿಗಳಾಗಿ ಬರಬೇಕೆಂಬುದು ಅವರಿಗೆ ಗೊತ್ತು. ಒಮ್ಮೆ ಊರು ಬಿಟ್ಟು ಬಂದವರು ಎರಡನೆಯ ಬಾರಿ ಬಿಡಲು ಒಪ್ಪುವುದಿಲ್ಲ. ತಾವೇ ಮರ ಕಡಿದು ಹಸನು ಮಾಡಿದ, ಆದರೆ ತಮ್ಮ ಹೆಸರಿಗಿಲ್ಲದ ಹೊಲದ ಬದುವಿನಲ್ಲಿ ಸಂಜೆ ಕೂತು ಮಣಿ ಎಣಿಸುತ್ತಾರೆ. ಐದು ವರ್ಷಕ್ಕೊಮ್ಮೆ ಆರ್.ಸಿ. ನವೀಕರಿಸುವ ದಿನ ಬಂದಾಗ, ಮೊಮ್ಮಕ್ಕಳ ಕೈ ಹಿಡಿದು ಬಸ್ಸು ಹತ್ತುತ್ತಾರೆ.